ಫರ್ಮಾ ಸಮಸ್ಯೆಯಲ್ಲಿ ಸೋಫಿ ಜರ್ಮೇನಳ ಯೋಜನೆ: ಒಂದು ಮರುಪರಿಶೀಲನೆ

ಪ್ಯಾರಿಸಿನ ಸೋಫಿ ಜರ್ಮೇನ್ (1776–1831) ಸಂಖ್ಯಾಸಿದ್ಧಾಂತದಲ್ಲಿ ಮಾಡಿದ ಕೆಲಸವನ್ನು ಇತಿಹಾಸಕಾರರು ಬಹುಕಾಲ ಲೆಜಾಂಡ್ರನ ಒಂದು ಅಡಿಟಿಪ್ಪಣಿಯ ಆಧಾರದ ಮೇಲೆಯೇ ಅಳೆದರು. ಆಕೆ ಲ್ ಬ್ಲಾಂ ಎಂಬ ಗಂಡುಹೆಸರಿನಲ್ಲಿ 1804ರಲ್ಲಿ ಗೌಸನಿಗೆ ಪತ್ರ ಬರೆದದ್ದು, ಸ್ಥಿತಿಸ್ಥಾಪಕ ಫಲಕಗಳ ಕಂಪನವನ್ನು ಕುರಿತ ಪ್ರಬಂಧಕ್ಕೆ 1816ರಲ್ಲಿ ವಿಜ್ಞಾನ ಅಕಾಡೆಮಿಯ ಬಹುಮಾನ ಪಡೆದದ್ದು ನಿರ್ವಿವಾದ. ವಿವಾದವಿರುವುದು ಆಕೆಯ ಹೆಸರಿನ ಪ್ರಮೇಯದ ಸ್ಥಾನದ ಬಗ್ಗೆ.

ಎರಡು ಸಂಖ್ಯೆಗಳ ‘ಘ’ನೆಯ ಘಾತಗಳ ಮೊತ್ತ ಮೂರನೆಯದೊಂದರ ಅದೇ ಘಾತಕ್ಕೆ ಸಮವಾಗದೆಂಬುದು, ‘ಘ’ ಬೆಸ ಅವಿಭಾಜ್ಯವಾದಾಗ, ಫರ್ಮಾನ ಹೇಳಿಕೆ. ‘ಸ’ ಎಂಬ ಸಹಾಯಕ ಅವಿಭಾಜ್ಯವೊಂದು ಎರಡು ಷರತ್ತುಗಳನ್ನು ಪಾಲಿಸಿದರೆ ಆ ಮೂರರಲ್ಲೊಂದು ‘ಘ’ದ ವರ್ಗದಿಂದ ಭಾಗವಾಗಲೇಬೇಕು ಎನ್ನುತ್ತದೆ ಪ್ರಮೇಯ: ‘ಘ’ನೆಯ ಘಾತಗಳನ್ನು ‘ಸ’ದಿಂದ ಭಾಗಿಸಿ ಉಳಿದ ಸೊನ್ನೆಯಲ್ಲದ ಶೇಷಗಳಲ್ಲಿ ಯಾವ ಎರಡೂ ಅನುಕ್ರಮವಾಗಿರಬಾರದು, ‘ಘ’ವೇ ಅಂಥ ಶೇಷವಾಗಿರಬಾರದು. ಘಾತ 5ಕ್ಕೆ 11 ಸಾಕು, ಏಕೆಂದರೆ ಅಲ್ಲಿನ ಶೇಷಗಳು 1 ಮತ್ತು 10 ಮಾತ್ರ.

ಪ್ಯಾರಿಸ್ ಹಾಗೂ ಫ್ಲಾರೆನ್ಸಿನ ಗ್ರಂಥಾಲಯಗಳಲ್ಲಿರುವ ಹಸ್ತಪ್ರತಿಗಳನ್ನು ಡೆಲ್ ಚೆಂಟಿನಾ, ಲೌಬೆನ್‌ಬಾಕರ್ ಮತ್ತು ಪೆಂಗೆಲಿ ಪರಿಶೀಲಿಸಿದ ಮೇಲೆ ಚಿತ್ರ ಬದಲಾಗಿದೆ. ಆಕೆ 1819ರ ಮೇ 12ರಂದು ಗೌಸನಿಗೆ ಬರೆದ, ಉತ್ತರ ಬಾರದ ಪತ್ರದಲ್ಲಿ ಮುಂದಿಟ್ಟದ್ದು ಬೇರೆಯೇ ಯೋಜನೆ: ಮೊದಲ ಷರತ್ತು ಪಾಲಿಸುವ ಪ್ರತಿಯೊಂದು ‘ಸ’ವೂ ಮೂರು ಸಂಖ್ಯೆಗಳಲ್ಲಿ ಒಂದನ್ನು ಭಾಗಿಸಲೇಬೇಕಾದ್ದರಿಂದ, ಅಂಥವು ಅನಂತವಾಗಿದ್ದರೆ ಪರಿಹಾರವೇ ಅಸಾಧ್ಯ. ಪ್ರಮೇಯವೇ ಗುರಿಯಾಗಿದ್ದರೆ ಒಂದು ಘಾತಕ್ಕೆ ಒಂದೇ ‘ಸ’ ಸಾಕಿತ್ತು. ಹಸ್ತಪ್ರತಿಗಳಲ್ಲಾದರೋ ಆಕೆ ‘ಸ’ವನ್ನು 2ನಘ + 1 ರೂಪದಲ್ಲಿ ಬರೆದು, ‘ನ’ದ ಒಂದೊಂದು ಬೆಲೆಯನ್ನೂ ಹಿಡಿದು, ‘ನ’ 3ರ ಗುಣಕವಾದಾಗ ಷರತ್ತು ಮುರಿಯುವುದನ್ನೂ ಗುರುತಿಸಿ, ಸಹಾಯಕಗಳನ್ನು ರಾಶಿ ಹಾಕುತ್ತಾಳೆ; ಈ ಶ್ರಮಕ್ಕೆ ಯೋಜನೆಯ ಹೊರತು ಬೇರೆ ಅರ್ಥ ಹಚ್ಚುವುದು ಕಷ್ಟ. ಹೀಗಾಗಿ ಪ್ರಮೇಯವನ್ನು, ಕನಿಷ್ಠಪಕ್ಷ ಉಳಿದುಬಂದ ಕಾಗದಗಳ ಮಟ್ಟಿಗೆ, ಯೋಜನೆಯ ಉಪಫಲವೆಂದೇ ಓದುವುದು ಉಚಿತವೆನಿಸುತ್ತದೆ. ಆದರೆ ಪರಿಹಾರಗಳಿದ್ದರೆ ಅವು ಅಗಾಧ ಗಾತ್ರದವಾಗಿರಬೇಕೆಂದು ತೋರಿಸಹೊರಟ, ದೋಷವೊಂದುಳ್ಳ ಆಕೆಯ ವಾದವೂ ಅದೇ ಸಾಮಗ್ರಿಯನ್ನು ಬಳಸುವುದರಿಂದ ಈ ಓದನ್ನು ಅತಿಯಾಗಿ ಎಳೆಯಲಾಗದು.

ಯೋಜನೆ ವಿಫಲವಾಯಿತೆಂಬುದು ಅದನ್ನು ಕಡೆಗಣಿಸಲು ಸಾಕಾಗದು. ಘಾತ 3ಕ್ಕೆ 7 ಮತ್ತು 13ರ ಹೊರತು ಬೇರೆ ಸಹಾಯಕವಿಲ್ಲವೆಂದು ಲೆಜಾಂಡ್ರನಿಗೆ ಬರೆದ ಪತ್ರದಲ್ಲಿ ಸಾಧಿಸಿದವಳು ಜರ್ಮೇನಳೇ. 1819ರಲ್ಲಿ ಆಕೆಗಿನ್ನೂ ಅನಂತತೆಯ ಭರವಸೆಯಿದ್ದುದರಿಂದ ಈ ಪತ್ರ ನಂತರದ್ದೆಂದು ಊಹಿಸಬಹುದು. ಪ್ರತಿಯೊಂದು ಘಾತಕ್ಕೂ ಸಹಾಯಕಗಳು ಪರಿಮಿತವೆಂಬುದು ಡಿಕ್ಸನ್‌ನ 1909ರ ಫಲಿತಾಂಶದಿಂದ ತಿಳಿಯುತ್ತದೆ. ಘನಗಳಾಚೆಗೂ ಆಕೆ ಆಗಲೇ ಆಸೆ ಬಿಟ್ಟಿದ್ದಳೇ, ಲೆಜಾಂಡ್ರನ ವಿಧಾನಗಳು ಆಕೆಯವುಗಳಿಂದ ಎಷ್ಟರಮಟ್ಟಿಗೆ ಸ್ವತಂತ್ರ ಎಂಬೆರಡು ಪ್ರಶ್ನೆಗಳು ಹಸ್ತಪ್ರತಿಗಳ ಕಾಲನಿರ್ಣಯವನ್ನು ಅವಲಂಬಿಸಿ ಉಳಿದಿವೆ.