ಭಾರತದಲ್ಲಿ ಕರೆನ್ಸಿ ವಹಿವಾಟಿನ ಲಾಭದ ಮೇಲಿನ ತೆರಿಗೆ

ಭಾರತದಲ್ಲಿ ಕರೆನ್ಸಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನಿಂದ ಬರುವ ಲಾಭವನ್ನು ಸಾಮಾನ್ಯವಾಗಿ ವ್ಯಾಪಾರದ ಆದಾಯವೆಂದು ಪರಿಗಣಿಸಿ, ವ್ಯಕ್ತಿಯ ಇತರ ಆದಾಯದೊಡನೆ ಸೇರಿಸಿ, ಸ್ಲ್ಯಾಬ್ ದರದಂತೆ ತೆರಿಗೆ ವಿಧಿಸಲಾಗುತ್ತದೆ. ಷೇರುಗಳ ಲಾಭಕ್ಕಿರುವ ವಿಶೇಷ ದರಗಳು ಇದಕ್ಕೆ ಅನ್ವಯಿಸುವುದಿಲ್ಲ. ರೂಪಾಯಿ-ಡಾಲರ್ ಫ್ಯೂಚರ್ಸ್ ವಹಿವಾಟು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ 2008ರ ಆಗಸ್ಟ್ 29ರಂದು ಆರಂಭವಾಯಿತು.

ಸಟ್ಟಾ ವ್ಯವಹಾರವೇ, ಅಲ್ಲವೇ?

ಸರಕನ್ನು ವಾಸ್ತವವಾಗಿ ಹಸ್ತಾಂತರಿಸದೆ ಬೆಲೆಯ ವ್ಯತ್ಯಾಸವನ್ನಷ್ಟೇ ಕೊಟ್ಟು ತೀರಿಸುವ ಒಪ್ಪಂದವು ಸಟ್ಟಾ ವ್ಯವಹಾರವೆಂಬುದು 1961ರ ಆದಾಯ ತೆರಿಗೆ ಕಾಯ್ದೆಯ 43(5)ನೇ ಕಲಮಿನ ಸಾಮಾನ್ಯ ನಿಯಮ. ಮಾನ್ಯತೆ ಪಡೆದ ವಿನಿಮಯ ಕೇಂದ್ರದಲ್ಲಿ ನಡೆದು, ಗ್ರಾಹಕನ ಪ್ಯಾನ್ ಸಂಖ್ಯೆಯೂ ಸಮಯದ ಮುದ್ರೆಯೂ ಇರುವ ಕಾಂಟ್ರ್ಯಾಕ್ಟ್ ನೋಟ್ ಹೊಂದಿರುವ ಡೆರಿವೇಟಿವ್ ವಹಿವಾಟುಗಳನ್ನು 2005ರ ಹಣಕಾಸು ಕಾಯ್ದೆಯು ಈ ವ್ಯಾಖ್ಯೆಯಿಂದ ಹೊರಗಿಟ್ಟಿತು. ಕರೆನ್ಸಿ ಡೆರಿವೇಟಿವ್‌ಗಳನ್ನೂ ರೂಢಿಯಲ್ಲಿ ಈ ಗುಂಪಿಗೇ ಸೇರಿಸಲಾಗುತ್ತದೆ. 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿರುವುದರಿಂದ ಕಲಮುಗಳ ಸಂಖ್ಯೆ ಬದಲಾಗಿದೆ.

ಈ ಭೇದದ ಮಹತ್ವ ತಿಳಿಯುವುದು ನಷ್ಟವಾದಾಗ. ಸಟ್ಟಾ ನಷ್ಟವನ್ನು ಸಟ್ಟಾ ಲಾಭದಿಂದ ಮಾತ್ರ ಕಳೆಯಬಹುದು. ಮುಂದಕ್ಕೆ ಒಯ್ಯುವ ಅವಧಿ 4 ವರ್ಷ. ಸಾಮಾನ್ಯ ವ್ಯಾಪಾರದ ನಷ್ಟವನ್ನಾದರೋ ಅದೇ ವರ್ಷದಲ್ಲಿ ಬಾಡಿಗೆ, ಬಡ್ಡಿ ಮೊದಲಾದ ಆದಾಯದಿಂದಲೂ ಕಳೆಯಬಹುದು, ಸಂಬಳದಿಂದ ಮಾತ್ರ ಕಳೆಯುವಂತಿಲ್ಲ. ಉಳಿದುದನ್ನು 8 ವರ್ಷಗಳವರೆಗೆ ಮುಂದಿನ ವ್ಯಾಪಾರ ಲಾಭದೊಡನೆ ಹೊಂದಿಸಬಹುದು. ಆದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸದವನಿಗೆ ನಷ್ಟವನ್ನು ಮುಂದೊಯ್ಯುವ ಹಕ್ಕು ಇಲ್ಲ. ಲಾಭವೇ ಇಲ್ಲದ ಮೇಲೆ ರಿಟರ್ನ್ ಏಕೆ ಎಂದು ಸುಮ್ಮನಿರುವ ಸಣ್ಣ ವಹಿವಾಟುದಾರರು ಈ ಸೌಲಭ್ಯವನ್ನು ತಾವಾಗಿಯೇ ಕಳೆದುಕೊಳ್ಳುತ್ತಾರೆ.

ಲೆಕ್ಕಪತ್ರ

ಬ್ರೋಕರೇಜ್, ಇಂಟರ್ನೆಟ್ ಶುಲ್ಕ ಮುಂತಾದ ವೆಚ್ಚಗಳನ್ನು ಲಾಭದಿಂದ ಕಳೆಯಬಹುದು. ಒಟ್ಟು ವಹಿವಾಟನ್ನು ಎಣಿಸುವಾಗ ಲಾಭ, ನಷ್ಟ ಎರಡನ್ನೂ ಕೂಡಿಸುವುದು ರೂಢಿ. ಒಬ್ಬನಿಗೆ ಕೆಲವು ಒಪ್ಪಂದಗಳಲ್ಲಿ 3 ಲಕ್ಷ ರೂಪಾಯಿ ಲಾಭವೂ ಉಳಿದವುಗಳಲ್ಲಿ 2 ಲಕ್ಷ ನಷ್ಟವೂ ಆದರೆ ವಹಿವಾಟು 5 ಲಕ್ಷ, ತೆರಿಗೆಗೆ ಒಳಪಡುವ ಮೊತ್ತ 1 ಲಕ್ಷ. ವಹಿವಾಟು 1 ಕೋಟಿ ಮೀರಿದರೆ ಲೆಕ್ಕ ಪರಿಶೋಧನೆ ಕಡ್ಡಾಯ. ನಗದು ವ್ಯವಹಾರ ಶೇ. 5ನ್ನು ಮೀರದಿದ್ದಲ್ಲಿ ಈ ಮಿತಿ 10 ಕೋಟಿ. ಷೇರುಗಳಿಗಿರುವ ವಹಿವಾಟು ತೆರಿಗೆ ಕರೆನ್ಸಿ ಡೆರಿವೇಟಿವ್‌ಗಳಿಗಿಲ್ಲ.

ಅನಧಿಕೃತ ವೇದಿಕೆಗಳು

ಭಾರಿ ಲಾಭದ ಆಸೆ ತೋರಿಸುವ ವಿದೇಶಿ ಜಾಲತಾಣಗಳಿಗೆ ಮಾರ್ಜಿನ್ ಹಣ ಕಳುಹಿಸಲು ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲ. ಅಂತಹ ಅನಧಿಕೃತ ಸಂಸ್ಥೆಗಳ ಎಚ್ಚರಿಕೆ ಪಟ್ಟಿಯೊಂದನ್ನು ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, 1999ರ ಉಲ್ಲಂಘನೆಗೆ ಸಂಬಂಧಿಸಿದ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು. ಇಲ್ಲಿ ಗಳಿಸಿದ ಲಾಭವೂ ತೆರಿಗೆಯಿಂದ ಪಾರಾಗದು. ಮಾನ್ಯತೆ ಪಡೆದ ವಿನಿಮಯ ಕೇಂದ್ರದ ವಹಿವಾಟಿಗಿರುವ ವಿನಾಯಿತಿಯಂತೂ ಇದಕ್ಕೆ ಸಿಗದು.

ಅಕ್ರಮ ವ್ಯಾಪಾರದ ಆದಾಯಕ್ಕೆ ತೆರಿಗೆ ಹಾಕುವ ಸರ್ಕಾರ ಅದರ ನಷ್ಟವನ್ನೂ ಒಪ್ಪಬೇಕೇ ಎಂಬ ಕುತೂಹಲಕರ ಪ್ರಶ್ನೆ ಪಿಯಾರಾ ಸಿಂಗ್ ಪ್ರಕರಣದಲ್ಲಿ ಎದ್ದಿತು. ಗಡಿಯಾಚೆಯಿಂದ ಚಿನ್ನ ಕೊಳ್ಳಲು ಕಳ್ಳತನದಲ್ಲಿ ಒಯ್ಯುತ್ತಿದ್ದ ಅವರ ನೋಟುಗಳನ್ನು ಮುಟ್ಟುಗೋಲು ಹಾಕಿಕೊಳ್ಳಲಾಗಿತ್ತು. ಅದು ವ್ಯಾಪಾರದ ನಷ್ಟವೇ ಎಂದು ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ತೀರ್ಪಿತ್ತಿತು. ಅಪರಾಧದ ಉದ್ದೇಶಕ್ಕೆ ಮಾಡಿದ ವೆಚ್ಚವನ್ನು ಲಾಭದಿಂದ ಕಳೆಯುವಂತಿಲ್ಲ ಎಂಬ ವಿವರಣೆಯನ್ನು 1998ರಲ್ಲಿ ಕಾಯ್ದೆಗೆ ಸೇರಿಸಲಾಯಿತು.