ಸೆಟ್ಸುಬುನ್

ಸೆಟ್ಸುಬುನ್ ಎಂಬುದು ಜಪಾನಿನ ಸಾಂಪ್ರದಾಯಿಕ ಪಂಚಾಂಗದ ಪ್ರಕಾರ ವಸಂತ ಋತು ಆರಂಭವಾಗುವ ಮುನ್ನಾದಿನ ನಡೆಯುವ ಅನಿಷ್ಟ ನಿವಾರಣೆಯ ಆಚರಣೆ. ಪದದ ಅರ್ಥ 'ಋತುಗಳ ವಿಭಜನೆ'. ಇದು ಸಾಮಾನ್ಯವಾಗಿ ಫೆಬ್ರವರಿ 3ರಂದು ಬರುತ್ತದೆ. 2021ರಲ್ಲಿ, 124 ವರ್ಷಗಳ ಬಳಿಕ, ಅದು ಫೆಬ್ರವರಿ 2ರಂದು ಬಂದಿತು.

ಹಿನ್ನೆಲೆ

ಋತುಗಳ ಸಂಧಿಕಾಲದಲ್ಲಿ ರೋಗರುಜಿನಗಳೂ ದುಷ್ಟಶಕ್ತಿಗಳೂ ಮನೆಯೊಳಗೆ ನುಸುಳುತ್ತವೆ ಎಂಬ ನಂಬಿಕೆ ಇದರ ಮೂಲ. ಚೀನಾದಿಂದ ಬಂದ 'ತ್ಸುಯಿನಾ' ಎಂಬ ಭೂತೋಚ್ಚಾಟನೆಯ ವಿಧಿಯು ಜಪಾನಿನ ಅರಮನೆಯಲ್ಲಿ ವರ್ಷದ ಕೊನೆಯ ದಿನ ನಡೆಯುತ್ತಿತ್ತು. ಕಾಳು ಎರಚುವ ಪದ್ಧತಿ ಮುರೊಮಾಚಿ ಕಾಲದಲ್ಲಿ ಬೆಳೆದು, ಕ್ರಮೇಣ ಜನಸಾಮಾನ್ಯರ ಮನೆಗಳಿಗೂ ಹಬ್ಬಿತು.

ಆಚರಣೆ

ಮನೆಯವರಲ್ಲಿ ಒಬ್ಬರು, ಹೆಚ್ಚಾಗಿ ತಂದೆ, 'ಓನಿ' ಎಂಬ ಕೊಂಬಿನ ರಾಕ್ಷಸನ ಮುಖವಾಡ ಧರಿಸುತ್ತಾರೆ. ಮಕ್ಕಳು 'ಓನಿ ವಾ ಸೊಟೊ, ಫುಕು ವಾ ಉಚಿ' (ಓನಿ ಹೊರಗೆ, ಭಾಗ್ಯ ಒಳಗೆ) ಎಂದು ಕೂಗುತ್ತ ಹುರಿದ ಸೋಯಾ ಅವರೆ ಕಾಳುಗಳನ್ನು ಎರಚುತ್ತಾರೆ. ಎರಚಿದ ಹಸಿಕಾಳು ಮೊಳಕೆಯೊಡೆದರೆ ಅಪಶಕುನವೆಂದು ಕಾಳನ್ನು ಹುರಿಯಲಾಗುತ್ತದೆ. ಬಳಿಕ ಪ್ರತಿಯೊಬ್ಬರೂ ತಮ್ಮ ವಯಸ್ಸಿನಷ್ಟು, ಕೆಲವೆಡೆ ಅದಕ್ಕಿಂತ ಒಂದು ಹೆಚ್ಚು, ಕಾಳು ತಿಂದು ಆರೋಗ್ಯವನ್ನು ಹಾರೈಸುತ್ತಾರೆ. ಹೊಕ್ಕೈಡೊ ಮತ್ತು ಈಶಾನ್ಯ ಜಪಾನಿನಲ್ಲಿ ಸಿಪ್ಪೆಸಹಿತ ಕಡಲೆಕಾಯಿಯನ್ನು ಬಳಸುವುದುಂಟು. ಬಿದ್ದದ್ದನ್ನು ಹೆಕ್ಕಿ ತಿನ್ನಲು ಇದೇ ಅನುಕೂಲ.

ಬಾಗಿಲ ಬಳಿ ಹೀರಾಗಿ ಎಂಬ ಮುಳ್ಳೆಲೆಯ ಗಿಡದ ರೆಂಬೆಗೆ ಸುಟ್ಟ ಬೂತಾಯಿ ಜಾತಿಯ ಮೀನಿನ ತಲೆಯನ್ನು ಸಿಕ್ಕಿಸಿಡುವುದು ಇನ್ನೊಂದು ಪದ್ಧತಿ. ಮೀನಿನ ವಾಸನೆಗೆ ಓನಿ ಹೇಸುತ್ತದೆ, ಎಲೆಯ ಮುಳ್ಳು ಅದರ ಕಣ್ಣಿಗೆ ಚುಚ್ಚುತ್ತದೆ ಎಂಬುದು ನಂಬಿಕೆ.

ದೇವಾಲಯಗಳಲ್ಲಿ

ಓನಿಯನ್ನು ಎಲ್ಲೆಡೆಯೂ ಅಟ್ಟುವುದಿಲ್ಲ ಎಂಬುದು ಗಮನಾರ್ಹ. ಟೋಕಿಯೊದ ಸೆನ್ಸೋಜಿ ದೇವಾಲಯದಲ್ಲಿ 'ಓನಿ ಹೊರಗೆ' ಎಂದು ಕೂಗುವುದೇ ಇಲ್ಲ. ಅಲ್ಲಿಯ ಕನ್ನೊನ್, ಅಂದರೆ ಅವಲೋಕಿತೇಶ್ವರನ ಸನ್ನಿಧಿಯಲ್ಲಿ ಓನಿಗೆ ನೆಲೆಯಿಲ್ಲ ಎಂಬುದು ಕಾರಣ. ನರಿತಾದ ಶಿನ್ಶೋಜಿಯಲ್ಲಿ ಫುದೊ ಮ್ಯೋಓ (ಸಂಸ್ಕೃತದ ಅಚಲನಾಥ) ಕರುಣೆಯಿಂದ ಓನಿಯೂ ಬದಲಾಗುತ್ತದೆ ಎನ್ನುತ್ತಾರೆ. ಯೊಶಿನೊದ ಕಿಂಪುಸೆಂಜಿಯಲ್ಲಂತೂ 'ಓನಿಯೂ ಒಳಗೆ' ಎಂದೇ ಕೂಗಿ, ಬೇರೆಡೆ ಅಟ್ಟಿಸಿಕೊಂಡ ಓನಿಗಳನ್ನು ಸನ್ಮಾರ್ಗಕ್ಕೆ ತರಲು ಬರಮಾಡಿಕೊಳ್ಳಲಾಗುತ್ತದೆ. ಈ ದೇವಾಲಯದ ಸ್ಥಾಪಕನೆಂದು ಹೇಳಲಾಗುವ ಎನ್ ನೊ ಗ್ಯೋಜ ಎಂಬ ತಪಸ್ವಿಯು ಇಬ್ಬರು ಓನಿಗಳನ್ನು ಪಳಗಿಸಿ ಶಿಷ್ಯರನ್ನಾಗಿ ಮಾಡಿಕೊಂಡನೆಂಬ ಐತಿಹ್ಯವಿದೆ.

ಸುರಕ್ಷತೆ

ಮಕ್ಕಳ ಕ್ಷೇಮಕ್ಕಾಗಿ ಎರಚುವ ಕಾಳೇ ಮಕ್ಕಳಿಗೆ ಅಪಾಯಕಾರಿಯಾದದ್ದೂ ಇದೆ. 2020ರಲ್ಲಿ ಈ ಆಚರಣೆಯ ವೇಳೆ ನಾಲ್ಕು ವರ್ಷದ ಮಗುವೊಂದು ಕಾಳು ಉಸಿರುನಾಳಕ್ಕೆ ಸಿಕ್ಕಿ ಮೃತಪಟ್ಟಿತು. ಐದು ವರ್ಷ ಹಾಗೂ ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆ ಗಟ್ಟಿ ಕಾಳು ಮತ್ತು ಬೀಜಗಳನ್ನು ಕೊಡಬಾರದೆಂದು ಜಪಾನಿನ ಗ್ರಾಹಕ ವ್ಯವಹಾರಗಳ ಸಂಸ್ಥೆ 2021ರಲ್ಲಿ ಎಚ್ಚರಿಸಿತು. ಚಿಕ್ಕ ಮಕ್ಕಳಿರುವಲ್ಲಿ ಕಾಳಿನ ಸಣ್ಣ ಪೊಟ್ಟಣಗಳನ್ನು ಬಿಚ್ಚದೆಯೇ ಎರಚಬಹುದೆಂಬ ಸಲಹೆಯೂ ಇದೆ.