ವಿಶ್ವವಿದ್ಯಾಲಯ ಆವರಣಗಳ ನಿಸ್ತಂತು ಜಾಲ: ವಿಸ್ತರಣೆ ಮತ್ತು ಭದ್ರತೆಯ ಇತಿಹಾಸ

ತರಗತಿ, ಗ್ರಂಥಾಲಯ, ಪ್ರಯೋಗಾಲಯ, ಹಾಸ್ಟೆಲ್, ಕ್ಯಾಂಟೀನುಗಳನ್ನು ರೇಡಿಯೊ ಅಲೆಗಳ ಮೂಲಕ ಒಂದೇ ಗಣಕ ಜಾಲಕ್ಕೆ ಸೇರಿಸುವ ವ್ಯವಸ್ಥೆ. ಕಂಪನಿಯ ಕಚೇರಿಯಲ್ಲಿ ಜಾಲವೂ ಅದಕ್ಕೆ ಸೇರುವ ಲ್ಯಾಪ್‌ಟಾಪುಗಳೂ ಸಾಮಾನ್ಯವಾಗಿ ಕಂಪನಿಯವೇ. ವಿಶ್ವವಿದ್ಯಾಲಯದಲ್ಲಿ ಜಾಲ ಸಂಸ್ಥೆಯದು, ಉಪಕರಣ ವಿದ್ಯಾರ್ಥಿಯದು. ಪ್ರತಿ ವರ್ಷ ಒಂದು ತಂಡ ಹೊರಟುಹೋಗಿ ಇನ್ನೊಂದು ತಂಡ ಹೊಸ ಉಪಕರಣಗಳೊಂದಿಗೆ ಒಳಗೆ ಬರುತ್ತದೆ. ಈ ಜಾಲಗಳ ಬಹುಪಾಲು ಸಮಸ್ಯೆಗಳೂ ಅವುಗಳಿಗೆ ಹುಡುಕಿದ ಪರಿಹಾರಗಳೂ ಈ ಒಂದು ವ್ಯತ್ಯಾಸದಿಂದ ಹುಟ್ಟಿದವು. ನಿಸ್ತಂತು ಜಾಲವನ್ನು ಮೊದಲು ಕಟ್ಟಿದ್ದೂ ವಿಶ್ವವಿದ್ಯಾಲಯಗಳೇ, ಅದರ ಬೀಗಗಳನ್ನು ಒಂದೊಂದಾಗಿ ಒಡೆದು ತೋರಿಸಿದ್ದೂ ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ ಸಂಶೋಧಕರೇ.

ಆರಂಭ

ಹವಾಯಿ ವಿಶ್ವವಿದ್ಯಾಲಯದ ಶಾಖೆಗಳು ಬೇರೆ ಬೇರೆ ದ್ವೀಪಗಳಲ್ಲಿ ಹರಡಿದ್ದವು, ಮುಖ್ಯ ಗಣಕ ಇದ್ದದ್ದು ಒವಾಹು ದ್ವೀಪದಲ್ಲಿ. ಅವನ್ನು ರೇಡಿಯೊದಿಂದ ಜೋಡಿಸಲು ನಾರ್ಮನ್ ಅಬ್ರಾಮ್ಸನ್ ಅವರ ತಂಡ ರೂಪಿಸಿದ ಅಲೋಹಾನೆಟ್ 1971ರ ಜೂನ್‌ನಲ್ಲಿ ಕೆಲಸ ಆರಂಭಿಸಿತು. ವೇಗ ಸೆಕೆಂಡಿಗೆ 9,600 ಬಿಟ್. ಯಾವ ಟರ್ಮಿನಲ್ ಬೇಕಾದರೂ ತನಗೆ ಬೇಕೆನಿಸಿದಾಗ ಮಾಹಿತಿ ಕಳಿಸಬಹುದಿತ್ತು. ಎರಡು ಸಂದೇಶಗಳು ಒಂದಕ್ಕೊಂದು ತಾಗಿ ಕೆಟ್ಟರೆ ಎರಡೂ ಕಡೆಯವರು ಯಾದೃಚ್ಛಿಕವಾಗಿ ಆರಿಸಿದಷ್ಟು ಹೊತ್ತು ತಡೆದು ಮತ್ತೆ ಕಳಿಸಬೇಕು, ಅಷ್ಟೆ. ಈ ಸರಳ ವಿಧಾನದಲ್ಲಿ ಮಾರ್ಗದ ಸಾಮರ್ಥ್ಯದ ಶೇ. 18ರಷ್ಟನ್ನು ಮಾತ್ರ ಬಳಸಲು ಸಾಧ್ಯವಾಗುತ್ತಿತ್ತು. ಆದರೂ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ಈಥರ್ನೆಟ್ ರೂಪಿಸಿದಾಗ ಪ್ರೇರಣೆಯಾದದ್ದು ಇದೇ. ತಂತಿಯ ಜಾಲ ನಿಸ್ತಂತು ಜಾಲದಿಂದ ಪಾಠ ಕಲಿತದ್ದು ಹೀಗೆ. ಕ್ರಮ ತಿರುಗುಮುರುಗಾಗಿದೆ ಎನಿಸಿದರೂ ನಿಜ.

ಅಮೆರಿಕದ ಸಂವಹನ ಆಯೋಗ 1985ರಲ್ಲಿ ಕೆಲವು ತರಂಗಪಟ್ಟಿಗಳನ್ನು ಪರವಾನಗಿ ಇಲ್ಲದ ಬಳಕೆಗೆ ತೆರೆದ ಮೇಲೆ ಇಡೀ ಆವರಣವನ್ನು ಆವರಿಸುವ ಜಾಲದ ಯೋಚನೆ ಕಾರ್ಯಸಾಧ್ಯವಾಯಿತು. ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಹಿಲ್ಸ್ ಅವರ ನೇತೃತ್ವದಲ್ಲಿ 1993ರಲ್ಲಿ ಶುರುವಾದ ‘ವೈರ್‌ಲೆಸ್ ಆಂಡ್ರೂ’ ಈ ಸಾಲಿನ ಮೊದಲ ದೊಡ್ಡ ಪ್ರಯತ್ನ. ಆಗಿನ್ನೂ ಮಾನಕವಿರಲಿಲ್ಲ, ಐಇಇಇ 802.11 ಬಂದದ್ದು 1997ರಲ್ಲಿ, ಸೆಕೆಂಡಿಗೆ 1-2 ಮೆಗಾಬಿಟ್ ವೇಗದಲ್ಲಿ. ಎರಡು ವರ್ಷಗಳ ನಂತರ 11 ಮೆಗಾಬಿಟ್‌ನ 802.11ಬಿ ಬಂತು. ಹಿಲ್ಸ್ ತಂಡ ಮುಖ್ಯವಾಗಿ ಕಲಿಸಿಕೊಟ್ಟದ್ದು ವಿನ್ಯಾಸದ ಶಿಸ್ತು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಅಕ್ಕಪಕ್ಕದ ಕೋಣೆಯದು ಮಾತ್ರವಲ್ಲ, ಮೇಲಿನ ಮತ್ತು ಕೆಳಗಿನ ಮಹಡಿಯ ಆಕ್ಸೆಸ್ ಪಾಯಿಂಟ್ (ರೇಡಿಯೊ ಅಲೆಗಳಿಂದ ಉಪಕರಣಗಳನ್ನು ಜಾಲಕ್ಕೆ ಸೇರಿಸುವ ಪೆಟ್ಟಿಗೆ) ಕೂಡ ಬೇರೆ ಚಾನೆಲ್‌ನಲ್ಲಿರಬೇಕು. ಗೋಡೆಯ ಆಚೆ ಅಲೆ ಎಷ್ಟು ಉಳಿಯುತ್ತದೆ ಎಂಬುದು ನಕ್ಷೆ ನೋಡಿ ಹೇಳುವಂಥದ್ದಲ್ಲ, ಕಟ್ಟಡದೊಳಗೆ ಓಡಾಡಿ ಅಳೆಯಬೇಕಾದದ್ದು.

2001ರಲ್ಲಿ ಡಾರ್ಟ್‌ಮತ್ ಕಾಲೇಜು 476 ಆಕ್ಸೆಸ್ ಪಾಯಿಂಟುಗಳಿಂದ 161 ಕಟ್ಟಡಗಳಿಗೆ ವೈ-ಫೈ ಕೊಟ್ಟಿತು. ಡೇವಿಡ್ ಕಾಟ್ಜ್ ಮತ್ತು ಕೋಬಿ ಎಸ್ಸಿಯನ್ ಅದರ ಬಳಕೆಯನ್ನು 11 ವಾರ ದಾಖಲಿಸಿದಾಗ ಕಂಡದ್ದು: ಅತಿ ಹೆಚ್ಚು ದಟ್ಟಣೆ ತರಗತಿ, ಗ್ರಂಥಾಲಯಗಳಲ್ಲಲ್ಲ, ಹಾಸ್ಟೆಲ್‌ಗಳಲ್ಲಿ. ಮುಂದಿನ ಎರಡು ದಶಕಗಳಲ್ಲಿ ಈ ಮಾತು ಸುಳ್ಳಾಗಿಲ್ಲ.

ವೆಪ್ ಮುರಿದುಬಿದ್ದದ್ದು

ಮೊದಲ ಮಾನಕದ ಜೊತೆಗೆ ಬಂದ ಗೂಢಲಿಪಿ ವ್ಯವಸ್ಥೆ ವೆಪ್. ಅದರಲ್ಲಿ 40 ಬಿಟ್‌ಗಳ ಒಂದು ಗುಪ್ತ ಕೀಲಿ. ಪ್ರತಿ ಪ್ಯಾಕೆಟ್‌ಗೂ ಬದಲಾಗಬೇಕಾದ 24 ಬಿಟ್‌ಗಳ ಒಂದು ಆರಂಭಿಕ ಸಂಖ್ಯೆ. ಎಲ್ಲರಿಗೂ ಒಂದೇ ಕೀಲಿ, ಇಡೀ ಹಾಸ್ಟೆಲ್ಲಿನ ಕೋಣೆಗಳಿಗೆ ಒಂದೇ ಬೀಗದ ಕೈ ಹಂಚಿದ ಹಾಗೆ. ಸಾವಿರಾರು ವಿದ್ಯಾರ್ಥಿಗಳಿರುವಲ್ಲಿ ಅದು ಗುಪ್ತವಾಗಿ ಉಳಿಯುವ ಪ್ರಶ್ನೆಯೇ ಇರಲಿಲ್ಲ. ಗಣಿತದ ದೋಷ ಅದಕ್ಕಿಂತ ಆಳದ್ದು. 24 ಬಿಟ್‌ಗಳಿಂದ ಸಿಗುವುದು ಸುಮಾರು 1.67 ಕೋಟಿ ಸಂಖ್ಯೆಗಳು. ಬಿಡುವಿಲ್ಲದ ಒಂದು ಆಕ್ಸೆಸ್ ಪಾಯಿಂಟ್ ಅವನ್ನೆಲ್ಲ ಸುಮಾರು 5 ಗಂಟೆಯಲ್ಲಿ ಬಳಸಿ ಮುಗಿಸುತ್ತದೆ, ಆಮೇಲೆ ಹಳೆಯವೇ ಮರಳಿ ಬರುತ್ತವೆ ಎಂದು 2001ರಲ್ಲಿ ಬರ್ಕ್ಲಿಯ ನಿಕಿತಾ ಬೋರಿಸೋವ್, ಡೇವಿಡ್ ವ್ಯಾಗ್ನರ್ ಮತ್ತು ಅವರ ಜೊತೆಗಾರ ಇಯಾನ್ ಗೋಲ್ಡ್‌ಬರ್ಗ್ ಲೆಕ್ಕ ಹಾಕಿ ತೋರಿಸಿದರು. ಅದೇ ವರ್ಷ ಸ್ಕಾಟ್ ಫ್ಲೂರರ್, ಇಟ್ಸಿಕ್ ಮಾಂಟಿನ್, ಆದಿ ಶಮೀರ್ ಅವರು ವೆಪ್ ನೆಚ್ಚಿಕೊಂಡಿದ್ದ ಆರ್‌ಸಿ-4 ವಿಧಾನದಲ್ಲೇ ಕೀಲಿಯನ್ನು ಹೊರಗೆಳೆಯಬಲ್ಲ ದೌರ್ಬಲ್ಯವನ್ನು ಕಂಡುಹಿಡಿದರು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಮೂವರು ಉದ್ದನೆಯ 104 ಬಿಟ್ ಕೀಲಿಯನ್ನೂ ಒಂದು ನಿಮಿಷದೊಳಗೆ ಪಡೆಯಬಹುದೆಂದು ತೋರಿಸಿದ ಮೇಲೆ ವಾದಕ್ಕೆ ಏನೂ ಉಳಿಯಲಿಲ್ಲ.

ವೆಪ್ ನಂಬಲಾಗದ ಕಾಲದಲ್ಲಿ ಅನೇಕ ಕ್ಯಾಂಪಸ್‌ಗಳು ಜಾಲವನ್ನು ತೆರೆದೇ ಇಟ್ಟು, ಬ್ರೌಸರ್‌ನಲ್ಲಿ ಲಾಗಿನ್ ಪುಟ ತೋರಿಸುವುದು, ಉಪಕರಣದ ಮ್ಯಾಕ್ ವಿಳಾಸ ನೋಂದಾಯಿಸುವುದು, ವಿಪಿಎನ್ ಕಡ್ಡಾಯ ಮಾಡುವುದು ಮುಂತಾದ ದಾರಿಗಳನ್ನು ಹಿಡಿದವು. ಇವುಗಳಲ್ಲಿ ಮ್ಯಾಕ್ ನೋಂದಣಿ ಭದ್ರತೆಯ ಹೆಸರಿನ ದಫ್ತರು ಮಾತ್ರ: ಆ ವಿಳಾಸ ಗಾಳಿಯಲ್ಲಿ ಬಯಲಾಗಿಯೇ ಹೋಗುತ್ತದೆ, ಬೇರೆಯವರು ಅದನ್ನು ತಮ್ಮದೆಂದು ಹೇಳಿಕೊಳ್ಳಬಹುದು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14 ಖಾಸಗಿತನಕ್ಕಾಗಿ ನಕಲಿ ಮ್ಯಾಕ್ ವಿಳಾಸಗಳನ್ನೇ ಬಳಸತೊಡಗಿದ ಮೇಲೆ ಆ ದಫ್ತರೂ ನಂಬಲಾಗದ್ದಾಯಿತು.

ವ್ಯಕ್ತಿಯ ಗುರುತು, ಎಡುರೋಮ್

ಬಾಳಿಕೆ ಬಂದ ಪರಿಹಾರ ಉಪಕರಣವನ್ನು ಬಿಟ್ಟು ವ್ಯಕ್ತಿಯನ್ನು ಗುರುತಿಸುವ 802.1ಎಕ್ಸ್. 2003ರಲ್ಲಿ ಬಂದ ಡಬ್ಲ್ಯುಪಿಎ ವೆಪ್‌ನ ತಾತ್ಕಾಲಿಕ ದುರಸ್ತಿ, 2004ರ 802.11ಐ, ಅಂದರೆ ಡಬ್ಲ್ಯುಪಿಎ-2, ಎಇಎಸ್ ಗೂಢಲಿಪಿಯೊಂದಿಗೆ ಪೂರ್ಣರೂಪ ಕೊಟ್ಟಿತು. ವಿದ್ಯಾರ್ಥಿಯ ಹೆಸರು, ಪಾಸ್‌ವರ್ಡ್‌ಗಳನ್ನು ವಿಶ್ವವಿದ್ಯಾಲಯದ ರೇಡಿಯಸ್ ಸರ್ವರ್ ಪರಿಶೀಲಿಸುತ್ತದೆ; ಒಪ್ಪಿದರೆ ಪ್ರತಿಯೊಬ್ಬರಿಗೂ ಬೇರೆ ಕೀಲಿ ಹುಟ್ಟುತ್ತದೆ. ಕೋರ್ಸು ಮುಗಿಸಿ ಹೋದವರ ಖಾತೆಯನ್ನಷ್ಟೇ ಮುಚ್ಚಿದರೆ ಸಾಕು, ಉಳಿದವರ ಪಾಸ್‌ವರ್ಡ್ ಬದಲಿಸಬೇಕಿಲ್ಲ.

ಇದೇ ಅಡಿಪಾಯದ ಮೇಲೆ ನೆದರ್‌ಲೆಂಡ್ಸ್‌ನ ಸರ್ಫ್‌ನೆಟ್ ಸಂಸ್ಥೆಯ ಕ್ಲಾಸ್ ವೀರಿಂಗಾ 2002ರಲ್ಲಿ ಒಂದು ಸಲಹೆ ಮುಂದಿಟ್ಟರು: ಅತಿಥಿ ಪ್ರಾಧ್ಯಾಪಕರಿಗೋ ವಿನಿಮಯ ವಿದ್ಯಾರ್ಥಿಗೋ ಹೊಸ ಖಾತೆ ಏಕೆ, ಅವರ ಮೂಲ ಸಂಸ್ಥೆಯನ್ನೇ ಕೇಳಬಹುದಲ್ಲ? ಅದರಿಂದ ಎಡುರೋಮ್ ಹುಟ್ಟಿತು. ಬಳಕೆದಾರರ ಹೆಸರಿನಲ್ಲಿ ‘@’ ಚಿಹ್ನೆಯ ನಂತರ ಇರುವ ಭಾಗವನ್ನು ನೋಡಿ ಆತಿಥೇಯ ಸರ್ವರ್ ಕೋರಿಕೆಯನ್ನು ರಾಷ್ಟ್ರಮಟ್ಟದ ಸರ್ವರ್‌ಗೆ, ಅದು ಅಗತ್ಯವಿದ್ದರೆ ಮೇಲಿನ ಹಂತಕ್ಕೆ, ಕೊನೆಗೆ ಮೂಲ ಸಂಸ್ಥೆಗೆ ದಾಟಿಸುತ್ತದೆ. ಪಾಸ್‌ವರ್ಡ್ ಗೂಢಲಿಪಿಯ ಸುರಂಗದೊಳಗೆ ಸಾಗುವುದರಿಂದ ನಡುವಿನ ಯಾರಿಗೂ ಕಾಣುವುದಿಲ್ಲ. ಈಗ ಇದು 100ಕ್ಕೂ ಹೆಚ್ಚು ದೇಶಗಳಲ್ಲಿದೆ; ಭಾರತದಲ್ಲಿ ನಿರ್ವಹಣೆ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಜಾಲವಾದ ಅರ್ನೆಟ್‌ನದು.

ಸುರಂಗದ ಬಾಯಲ್ಲಿರುವುದು ತನ್ನ ವಿಶ್ವವಿದ್ಯಾಲಯದ ಸರ್ವರ್ ಹೌದೇ ಎಂದು ಫೋನ್ ಪರೀಕ್ಷಿಸಬೇಕು, ಅಂದರೆ ಸರ್ವರ್‌ನ ಪ್ರಮಾಣಪತ್ರವನ್ನು ನೋಡಬೇಕು. ಬಹಳಷ್ಟು ವಿದ್ಯಾರ್ಥಿಗಳು ಮಾಡುವುದು ‘ಪರೀಕ್ಷೆ ಬೇಡ’ ಎಂಬ ಆಯ್ಕೆ ಒತ್ತಿ ಮುಂದೆ ಹೋಗುವುದು. ಎಷ್ಟೋ ಕಡೆ ಸಹಾಯ ಕೇಂದ್ರಗಳು ಹೊರಡಿಸಿದ ಕೈಪಿಡಿಗಳಲ್ಲೇ ಆ ಸಲಹೆ ಇತ್ತು. ಆಗ ಅದೇ ಹೆಸರಿನ ನಕಲಿ ಆಕ್ಸೆಸ್ ಪಾಯಿಂಟ್ ಇಟ್ಟವರಿಗೆ ಪಾಸ್‌ವರ್ಡ್‌ನ ಗುರುತು ಸಿಕ್ಕಿಬಿಡುತ್ತದೆ. ಹೀಗೆ ಸಿಕ್ಕ, ಪಾಸ್‌ವರ್ಡ್ ಪರಿಶೀಲನೆಯ ಎಂಎಸ್-ಚಾಪ್-2 ವಿನಿಮಯವನ್ನು ಒಂದು ದಿನದೊಳಗೆ ಒಡೆಯಬಹುದೆಂದು 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಪ್ರದರ್ಶಿಸಿದರು. ವೈ-ಫೈ ಪಾಸ್‌ವರ್ಡೇ ಇಮೇಲ್‌ಗೂ ಅಂಕಪಟ್ಟಿಗೂ ದಾರಿಯಾಗಿರುವ ಕ್ಯಾಂಪಸ್‌ನಲ್ಲಿ ಇದು ಸಣ್ಣ ಮಾತಲ್ಲ. ಸೆಟ್ಟಿಂಗ್‌ಗಳನ್ನು ತಾನೇ ಸರಿಯಾಗಿ ತುಂಬುವ ಎಡುರೋಮ್ ಸಾಧನಗಳೂ, ಪಾಸ್‌ವರ್ಡ್ ಬದಲು ಬಳಕೆದಾರರಿಗೇ ಪ್ರಮಾಣಪತ್ರ ಕೊಡುವ ಪದ್ಧತಿಯೂ ಬಂದದ್ದು ಇದರಿಂದ.

ಡಬ್ಲ್ಯುಪಿಎ-2 ಕೂಡ ಅಭೇದ್ಯವಲ್ಲ ಎಂದು 2017ರಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಮ್ಯಾಥಿ ವಾನ್‌ಹೂಫ್ ಮತ್ತು ಫ್ರಾಂಕ್ ಪೀಸೆನ್ಸ್ ಕ್ರ್ಯಾಕ್ ದಾಳಿಯ ಮೂಲಕ ತೋರಿಸಿದರು. ತಂತ್ರಾಂಶದ ತಿದ್ದುಪಡಿಯಿಂದ ಸರಿಪಡಿಸಬಹುದಾದ ದೋಷ ಅದು. ತಿದ್ದುಪಡಿಯೇ ಬರದ ಹಳೆಯ ಫೋನುಗಳ ಮಾತು ಬೇರೆ. 2018ರಲ್ಲಿ ಡಬ್ಲ್ಯುಪಿಎ-3 ಪ್ರಕಟವಾಯಿತು.

ಹೊಸ ಉಪಕರಣಗಳ ದಾಳಿ

ಕೆಡುಕು ಬಗೆಯುವವರಿಂದಲೇ ಜಾಲ ಕುಸಿಯಬೇಕೆಂದಿಲ್ಲ. ಐಫೋನ್ ಮಾರುಕಟ್ಟೆಗೆ ಬಂದು ತಿಂಗಳಾಗುವ ಮೊದಲೇ, 2007ರ ಜುಲೈನಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ಆಕ್ಸೆಸ್ ಪಾಯಿಂಟುಗಳು ಗುಂಪುಗುಂಪಾಗಿ ನಿಲ್ಲತೊಡಗಿದವು. ಸೆಕೆಂಡಿಗೆ 18,000ದವರೆಗೆ ವಿಳಾಸ ಕೋರಿಕೆಗಳು ಹರಿದು ಬರುತ್ತಿದ್ದವು. ಆಪಾದನೆ ಮೊದಲು ಐಫೋನ್ ಮೇಲೆ ಬಂತು, ಪತ್ರಿಕೆಗಳಲ್ಲೂ ಅದೇ ಸುದ್ದಿ. ಕೆಲವೇ ದಿನಗಳಲ್ಲಿ ದೋಷ ಸಿಸ್ಕೋ ಜಾಲ ಉಪಕರಣಗಳದ್ದೆಂದು ಸ್ಪಷ್ಟವಾಯಿತು. 2010ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ: ಅವಧಿ ಮುಗಿದ ಐಪಿ ವಿಳಾಸವನ್ನು ಐಪ್ಯಾಡ್‌ಗಳು ಬಿಟ್ಟುಕೊಡದೆ ಬಳಸುತ್ತಿದ್ದವು, ಅಲ್ಲಿ ತಪ್ಪು ನಿಜಕ್ಕೂ ಉಪಕರಣದ್ದೇ.

ಭಾರತದಲ್ಲಿ

1986ರಲ್ಲಿ ಆರಂಭವಾದ ಅರ್ನೆಟ್‌ನ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಆದರೆ ಅದು ತಂತಿಯ ಕಾಲ. ಕ್ಯಾಂಪಸ್ ವೈ-ಫೈಗೆ ಕಾನೂನಿನ ದಾರಿ ಸುಗಮವಾದದ್ದು 2005ರ ಜನವರಿಯ ಅಧಿಸೂಚನೆ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳನ್ನು ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ. 5 ಗಿಗಾಹರ್ಟ್ಸ್‌ನ ವಿಶಾಲ ಭಾಗ ಕಟ್ಟಡದ ಹೊರಗೂ ಮುಕ್ತವಾಗಲು 2018ರವರೆಗೆ ಕಾಯಬೇಕಾಯಿತು. 2010ರಲ್ಲಿ ಮಂಜೂರಾದ ರಾಷ್ಟ್ರೀಯ ಜ್ಞಾನ ಜಾಲ ಸಂಸ್ಥೆಗಳಿಗೆ ವೇಗದ ಸಂಪರ್ಕ ತಂದಿತು.

ಭದ್ರತೆಯ ಎಚ್ಚರ ಬಂದ ಬಗೆ ಕಹಿಯಾದದ್ದು. 2008ರ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇಮೇಲ್ ನವಿ ಮುಂಬೈಯ ಮನೆಯೊಂದರ ಬೀಗವಿಲ್ಲದ ವೈ-ಫೈ ಮೂಲಕ ಹೋಗಿತ್ತು. ಆಗಸ್ಟ್‌ನ ಇನ್ನೊಂದು ಇಮೇಲ್‌ಗೆ ಮುಂಬೈಯ ಕಾಲೇಜೊಂದರ ಜಾಲ ಬಳಕೆಯಾಗಿತ್ತು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ, ಗುರುತು ದೃಢಪಡಿಸಿಕೊಂಡೇ ವೈ-ಫೈ ಸಂಪರ್ಕ ಕೊಡಬೇಕೆಂದು ಸೇವೆ ಒದಗಿಸುವವರಿಗೆ ಸೂಚಿಸಿತು. ಯಾರು, ಯಾವಾಗ, ಯಾವ ವಿಳಾಸ ಪಡೆದಿದ್ದರು ಎಂಬ ದಾಖಲೆ ಇಡುವುದು ಇಲ್ಲಿನ ಕ್ಯಾಂಪಸ್‌ಗಳಲ್ಲಿ ತಾಂತ್ರಿಕ ಆಯ್ಕೆಗಿಂತ ಕಾನೂನಿನ ಅಗತ್ಯವಾಗಿ ಬೇರೂರಿತು.

ಮೇಲ್ದರ್ಜೆಗೆ ಏರಿಸುವುದು

802.11ಎನ್ (2009), 11ಎಸಿ (2013), 11ಎಎಕ್ಸ್ (2021) ಎಂದು ಪೀಳಿಗೆಗಳು ಬದಲಾದಂತೆ ವಿಶ್ವವಿದ್ಯಾಲಯಗಳು ಕಂಡುಕೊಂಡ ಸತ್ಯ: ನಿಸ್ತಂತು ಜಾಲದ ಖರ್ಚು ತಂತಿಯಲ್ಲಿದೆ. ಹೊಸ ಆಕ್ಸೆಸ್ ಪಾಯಿಂಟ್ ಗಾಳಿಯಲ್ಲಿ ಒಂದು ಗಿಗಾಬಿಟ್ ಮೀರಿ ಕೊಟ್ಟರೂ ಹಿಂದಿನ ಸ್ವಿಚ್ ಅಷ್ಟಕ್ಕೇ ನಿಲ್ಲುತ್ತದೆ. ಹಳೆಯ ಕೇಬಲ್‌ನಲ್ಲೇ 2.5 ಮತ್ತು 5 ಗಿಗಾಬಿಟ್ ಸಾಗಿಸುವ ಮಾನಕ 2016ರಲ್ಲಿ ಬಂದದ್ದು ಗೋಡೆ ಒಡೆಯುವ ಕೆಲಸವನ್ನು ಎಷ್ಟೋ ಕಡೆ ತಪ್ಪಿಸಿತು. ವಿದ್ಯುತ್ತೂ ಅದೇ ಕೇಬಲ್‌ನಲ್ಲಿ ಹೋಗಬೇಕು: 2003ರ ಮಾನಕದಲ್ಲಿ 15.4 ವಾಟ್ ಇದ್ದದ್ದು 2009ರಲ್ಲಿ 30, 2018ರಲ್ಲಿ 90ರವರೆಗೆ ಏರಿತು. ಸ್ವಿಚ್ ಬದಲಿಸದೆ ಆಕ್ಸೆಸ್ ಪಾಯಿಂಟ್ ಮಾತ್ರ ಕೊಂಡ ಕಡೆ ದುಬಾರಿ ಉಪಕರಣ ಅರೆಶಕ್ತಿಯಲ್ಲಿ ಉರಿಯುತ್ತದೆ.

ಅಮೆರಿಕ 2020ರಲ್ಲಿ 6 ಗಿಗಾಹರ್ಟ್ಸ್ ಪಟ್ಟಿಯನ್ನು ತೆರೆದ ಮೇಲೆ ವೇಗ ಮತ್ತು ಭದ್ರತೆ ಒಂದೇ ನಿಯಮದಲ್ಲಿ ಕೂಡಿದವು: ಆ ಪಟ್ಟಿಯಲ್ಲಿ ಓಡುವ ವೈ-ಫೈ 6ಇ ಉಪಕರಣಗಳಿಗೆ ಡಬ್ಲ್ಯುಪಿಎ-2 ನಿಷಿದ್ಧ, ಪಾಸ್‌ವರ್ಡ್ ಬೇಡದ ತೆರೆದ ಜಾಲಕ್ಕೂ ಗೂಢಲಿಪಿ ಇರಲೇಬೇಕು. ಹಾಸ್ಟೆಲ್‌ನ ಟಿವಿ, ಪ್ರಿಂಟರ್, ಆಟದ ಕನ್ಸೋಲ್, ಪ್ರಯೋಗಾಲಯದ ಹಳೆಯ ಮಾಪಕಗಳಿಗೆ 802.1ಎಕ್ಸ್ ಬರುವುದಿಲ್ಲವಾದ್ದರಿಂದ ಅವುಗಳಿಗಾಗಿ 2.4 ಮತ್ತು 5 ಗಿಗಾಹರ್ಟ್ಸ್‌ನಲ್ಲಿ ಪ್ರತ್ಯೇಕ ಜಾಲ ಇಟ್ಟು, ಪ್ರತಿ ವಿದ್ಯಾರ್ಥಿಗೂ ಬೇರೆ ಕೀಲಿ ಕೊಡುವ ಪದ್ಧತಿ ಈಗ ಬಳಕೆಯಲ್ಲಿದೆ.